ಪ್ಲಾಂಟ್ ಅಂದರೆ

ಭದ್ರಾವತಿಯಲ್ಲಿ ನಾನು ಮೊದಲು ಕಲಿತ ಪ್ಲಾಂಟಿಗೆ
ಎಲೆ ಇರಲಿಲ್ಲ.
ಹೊಗೆಗೊಳವೆ ಇತ್ತು, ಗೇಟಿತ್ತು, ಗೇಟಿಗೊಬ್ಬ ಮೀಸೆಯವ,
ದಿನಕ್ಕೆ ಮೂರು ಸಲ ಕೂಗುವ ಸೈರನ್ನು.
'ಅಪ್ಪ ಎಲ್ಲಿ?' ಅಂದರೆ 'ಪ್ಲಾಂಟಲ್ಲಿ' ಅನ್ನುತ್ತಿದ್ದೆವು.
ಮೂರನೇ ಕ್ಲಾಸಿನಲ್ಲಿ ಗ್ರೇಸಿ ಟೀಚರು
ಪಿ ಫಾರ್ ಪ್ಲಾಂಟ್, ಚಿತ್ರ ಬಿಡಿಸಿ ಅಂದಾಗ
ಕ್ವಾರ್ಟರ್ಸಿನ ನಾವು ಹನ್ನೊಂದು ಮಕ್ಕಳೂ
ಚಿಮಣಿ ಬಿಡಿಸಿದೆವು.
ಬ್ಯಾಂಕಿನವರ ಹುಡುಗಿ ಒಬ್ಬಳೇ
ತುಳಸಿ ಗಿಡ ಬರೆದು ಗುಡ್ ತಗೊಂಡಳು.

ಈಗ ಶಿವಮೊಗ್ಗ ರಸ್ತೆಯಲ್ಲಿ ನಜೀರ್ ಸಾಹೇಬರ ನರ್ಸರಿ.
ಕುಂಡಕ್ಕೊಂದು ಐಸ್‌ಕ್ಯಾಂಡಿ ಕಡ್ಡಿ, ಕಡ್ಡಿಗೊಂದು ಹೆಸರು,
ಬರೆಯುವುದು ನನ್ನ ಕೆಲಸ.
ದಾಸವಾಳ ಅಂದರೆ ಮೂವತ್ತು ರೂಪಾಯಿ,
ಹೈಬಿಸ್ಕಸ್ ಅಂದರೆ ನೂರ ಇಪ್ಪತ್ತು.
ಗಿಡ ಅದೇ. ಮಣ್ಣೂ ತುಂಗೆಯ ದಂಡೆಯದೇ.

ನೀರು ಹಾಕುವ ಹಾಲಮ್ಮನಿಗೆ
ದಿನಕ್ಕೊಂದು ಶಬ್ದ ಬೇಕು, ಎಲೆ ಅಡಿಕೆಯ ಜೊತೆ.
ಅಗಿದು ನೋಡಿ ತೀರ್ಪು ಕೊಡುತ್ತಾಳೆ:
'ನಿಮ್ಮ ಇಂಗ್ಲಿಷು ಬಡವರ ಮನೆ ಕಣವ್ವ,
ಇರೋ ಒಂದೇ ಪಾತ್ರೇಲಿ ಸಾರೂ ಪಾಯಸವೂ.
ಬೆಡ್ಡು ಅಂದರೆ ಮೆಗ್ಗಾನ್ ಆಸ್ಪತ್ರೇದೂ ಹೌದು,
ಚೆಂಡುಹೂವಿನ ಪಾತಿಯೂ ಹೌದು.
ಬಲ್ಬು ಅಂದರೆ ಉರಿಯೋದೂ, ಮಣ್ಣೊಳಗೆ ಹೂಳೋ ಗೆಡ್ಡೆಯೂ.
ನರ್ಸರಿ ಅಂದರೆ ನನ್ನ ಮೊಮ್ಮಗ ಅತ್ತುಕೊಂಡು ಹೋಗೋ ಜಾಗ.'
ಲೀವ್ಸ್ ಅಂದರೆ ಎಲೆಗಳು, ಅಂದೆ.
'ರಜೆ ಅಲ್ವಾ?
ಸಾಹೇಬರು ಕೊಡದೇ ಇರೋದು?'

ಲಾನಿನ ಹುಲ್ಲು ಕೇಳಿಕೊಂಡು ಬಂದ ಡಾಕ್ಟರರು
ಕಾಲಿಡಬಾರದು ಎಂಬ ಬೋರ್ಡನ್ನೂ ಕೇಳಿದರು.
ಹುಲ್ಲಿಗೆ ಇನ್ನೂ ಬೇರು ಬಂದಿರಲಿಲ್ಲ.
ಆವತ್ತೇ ಟಚ್ ಮಿ ನಾಟ್ ಬರೆಯುತ್ತ ಅನಿಸಿತು,
ಇದೂ ಒಂದು ಬೋರ್ಡೇ.
ಮುಟ್ಟಿದರೆ ಮುನಿ ಅಂದರೆ ಹಾಗಲ್ಲ:
ಮುಟ್ಟು ಬೇಕಾದರೆ,
ಆಮೇಲೆ ರಮಿಸಲು ಪುರುಸೊತ್ತಿದೆಯೋ ನೋಡಿಕೋ.

ಮಳೆ ಹಿಡಿದ ವಾರ ವೀಡ್ ಹೇಳಿಕೊಟ್ಟೆ.
'ವೀಡ್ ಅಂದರೆ ಕಳೆ.'
ಹಾಲಮ್ಮ ಕುಡುಗೋಲು ನಿಲ್ಲಿಸಿದಳು.
'ಮೊನ್ನೆ ಆ ಮದುವೆ ಹೆಣ್ಣಿನ ಮುಖದಾಗೆ
ಏನು ಕಳೆ ಅಂದೆಯಲ್ಲ, ಅದೂ ವೀಡಾ?'
ನನಗೆ ನಗು ಬಂತು. ಅವಳಿಗೆ ಬರಲಿಲ್ಲ.
'ಕಂಡವರ ಗದ್ದೆಯ ಕಳೆ ಕಿತ್ತು ಕಾಲ ಕಳೆದೆ.
ಅವನನ್ನ ಕಳಕೊಂಡೆ.
ಇವತ್ತಿನ ಕೂಲಿಯಲ್ಲಿ ಅಡ್ವಾನ್ಸು ಕಳೆದು ಕೊಡ್ತಾರೆ.'
ಸ್ವಲ್ಪ ಹೊತ್ತು ಕಿತ್ತಳು.
'ನಮ್ಮ ಮನೇಲೂ ಒಂದೇ ಪಾತ್ರೆ, ಬಿಡು.'

ಪ್ಲಾಂಟಿನ ಸೈರನ್ನು ನಿಂತಮೇಲೆ
ಅಪ್ಪನಿಗೆ ಹೊತ್ತು ತಿಳಿಯುತ್ತಿಲ್ಲ.
ಗಡಿಯಾರ ಇದೆ. ನಂಬುವುದಿಲ್ಲ.
ಹನ್ನೊಂದಕ್ಕೆ ಬುತ್ತಿ ತೊಳೆಯುತ್ತಾನೆ,
ನಡುಮಧ್ಯಾಹ್ನ ಖಾಕಿ ಹುಡುಕುತ್ತಾನೆ.
ಸಾಹೇಬರು ಬಿಸಾಡಿದ್ದ, ಕುಂಡ ಒಡೆದ
ಸಂಜೆಮಲ್ಲಿಗೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದೆ.
'ಇಂಗ್ಲಿಷಿನಲ್ಲಿ ಇದಕ್ಕೆ ಫೋರ್ ಓ ಕ್ಲಾಕ್ ಅಂತಾರಪ್ಪ.
ನಾಲ್ಕಕ್ಕೆ ಸರಿಯಾಗಿ ಅರಳುತ್ತಂತೆ.'
'ಇದಕ್ಕೂ ಶಿಫ್ಟಾ?' ಅಂದ.

ಮರುದಿನ ಮೂರೂವರೆಗೇ
ಶರಟಿನ ಮೇಲಿನ ಗುಂಡಿಯವರೆಗೂ ಹಾಕಿಕೊಂಡು
ಹಿತ್ತಿಲ ಕಲ್ಲಿನ ಮೇಲೆ ಕೂತ.
ನಾಲ್ಕಾಯಿತು. ನಾಲ್ಕೂಕಾಲು.
ಅಮ್ಮ ತಂದ ಚಹಾ ತಣ್ಣಗಾಯಿತು.
ಮೋಡವಿತ್ತು, ಅದಕ್ಕೇ ಇರಬೇಕು,
ಮೊದಲ ಗುಲಾಬಿ ಬಣ್ಣದ್ದು ಬಾಯಿ ಬಿಡುವಾಗ
ನಾಲ್ಕು ಮುಕ್ಕಾಲು ದಾಟಿತ್ತು.

'ಅರ್ಧ ದಿನದ ಸಂಬಳ ಕಟ್,'
ಅಂದ ಅಪ್ಪ, ಫರ್ನೇಸಿನ ಹಳೇ ಫೋರ್‌ಮನ್ನಿನ ದನಿಯಲ್ಲಿ,
ಆ ತಣ್ಣನೆ ಲೋಟ ಪಕ್ಕಕ್ಕಿಟ್ಟು
ಬಗ್ಗಿ, ಬೇರಿನ ಸುತ್ತ
ಮಣ್ಣು ಏರಿಸತೊಡಗಿದ.